ಮೂರನೇ ಸುತ್ತಿನಲ್ಲಿ ಕಾಲು ಸೋತರೆ ಕಾರಣ ಮೊದಲ ಸುತ್ತಿನಲ್ಲಿರುತ್ತದೆ

ಪ್ರಶ್ನೆ: ಮೇಡಂ, ನಮ್ಮದು ಸಿಂದಗಿ ತಾಲ್ಲೂಕಿನ ಹಳ್ಳಿ. ವಿಜಯಪುರದ ಹಾಸ್ಟೆಲ್‌ನಲ್ಲಿದ್ದು ಬಿ.ಎ. ಕೊನೇ ವರ್ಷ ಓದುತ್ತಿದ್ದೇನೆ. ವಯಸ್ಸು 20, ತೂಕ 46 ಕಿಲೋ. ಪಿಯುಸಿಯಲ್ಲಿ 1500 ಮೀಟರ್ ಓಟದಲ್ಲಿ ಜಿಲ್ಲೆಗೆ ಮೊದಲು ಬಂದಿದ್ದೆ. ಆದರೆ ಒಂದೂವರೆ ವರ್ಷದಿಂದ ನನ್ನ ಟೈಮಿಂಗ್ 5 ನಿಮಿಷ 8 ಸೆಕೆಂಡಿಗೇ ನಿಂತುಬಿಟ್ಟಿದೆ. ಮೊದಲ 400 ಮೀಟರ್ 74 ಸೆಕೆಂಡಿನಲ್ಲಿ ಹೋಗುತ್ತೇನೆ. ಎರಡನೆಯದು 84, ಮೂರನೆಯದು 90 ಆಗುತ್ತದೆ. ಕೊನೆಯ 300 ಹೇಗೋ 60ರಲ್ಲಿ ಮುಗಿಸುತ್ತೇನೆ. ದಿನಾ ಬೆಳಿಗ್ಗೆ 10 ಕಿಲೋಮೀಟರ್ ಟಾರ್ ರಸ್ತೆಯಲ್ಲಿ ಜೋರಾಗಿ ಓಡುತ್ತೇನೆ. ಭಾನುವಾರವೂ ಬಿಡುವುದಿಲ್ಲ. ಎರಡು ತಿಂಗಳಿಂದ ಎಡಗಾಲಿನ ಕಣಕಾಲಿನ ಎಲುಬು ನೋಯುತ್ತಿದೆ. ನೋವಿನ ಗುಳಿಗೆ ತಗೊಂಡು ಓಡುತ್ತೇನೆ. ಮೈ ಹಗುರ ಇರಲಿ ಅಂತ ರಾತ್ರಿ ಒಂದೇ ರೊಟ್ಟಿ ತಿನ್ನುತ್ತೇನೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಓಡುವವರಿಗೆ ಹಾಗೇ ಆಗುತ್ತದೆ, ಅದು ಫಿಟ್‌ನೆಸ್ ಅಂತ ಗೆಳತಿಯರು ಹೇಳುತ್ತಾರೆ. ಇನ್ನೆರಡು ತಿಂಗಳಿಗೆ ಅಂತರ ಕಾಲೇಜು ಕ್ರೀಡಾಕೂಟ ಇದೆ. ಅಪ್ಪ, "ಸಾಕ್ ಮಾಡವ್ವ, ಓಡಿ ಏನ್ ಸಿಗತೈತಿ, ಪೊಲೀಸ್ ಪರೀಕ್ಷೆಗೆ ಓದ್ಕೋ" ಅನ್ನುತ್ತಾರೆ. ಸೀನಿಯರ್‌ಗಳು, "ನೋವು ತಡ್ಕೊಂಡವ್ರೇ ಗೆಲ್ಲೋದು" ಅನ್ನುತ್ತಾರೆ. ಈಗ ನಿಲ್ಲಿಸಿದರೆ ಸೋತ ಹಾಗೆ ಆಗುತ್ತದಾ? ಓಟದಲ್ಲೇ ತಾಳಿಕೊಳ್ಳಲು ಆಗದವಳು ಬದುಕಿನಲ್ಲಿ ಏನು ತಾಳಿಕೊಂಡೇನು ಅನ್ನಿಸುತ್ತದೆ.

ಉತ್ತರ: ತಂಗಿ, ತಡಮಾಡಬಾರದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ನಾಳೆ ಬೆಳಿಗ್ಗೆ ಓಡಬೇಡಿ. ಓಡುವುದಕ್ಕೆ ಅಂತ ಗುಳಿಗೆ ನುಂಗುವುದನ್ನು ಇವತ್ತೇ ನಿಲ್ಲಿಸಿ. ಈ ವಾರದೊಳಗೆ ಮೂಳೆ ಡಾಕ್ಟರಿಗೆ ಕಾಲು ತೋರಿಸಿ, ಹಾಗೇ ಒಬ್ಬ ಸ್ತ್ರೀರೋಗ ತಜ್ಞರನ್ನೂ ಕಾಣಿ. ಕಾಲಿನ ನೋವು, ಒಂದು ರೊಟ್ಟಿ, ನಿಂತ ಮುಟ್ಟು, ಇವು ಬೇರೆ ಬೇರೆ ತೊಂದರೆಗಳಂತೆ ನಿಮಗೆ ಕಾಣುತ್ತಿರಬಹುದು. ನನಗೆ ಒಂದೇ ತೊಂದರೆಯಂತೆ ಕಾಣುತ್ತಿದೆ.

ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಪತ್ರದ ಕೊನೆಯ ಸಾಲು ಅಂತಲೂ ಗೊತ್ತಾಯಿತು. ಹಳ್ಳಿಗಳಿಂದ ಬಂದು ಓಡುವ ಮಕ್ಕಳಿಗೆ ವಿಜಯಪುರದಲ್ಲಿ ತರಬೇತಿ ಕೊಡುತ್ತಾ ಬಂದವಳು ನಾನು. ಈ ಹೆದರಿಕೆ ಬರುವುದು ಮೈಮುರಿದು ದುಡಿಯುವ ಮಕ್ಕಳಿಗೇ. ವಾರಕ್ಕೆ ಎರಡು ದಿನ ಬಂದು ಹೋಗುವವರಿಗೆ ಬರುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಪಟ್ಟು ಕಡಿಮೆ ಇದೆಯಾ ಅನ್ನುವ ಚಿಂತೆ ಬಿಡಿ. ಪಟ್ಟು ಬೇಕಾದಷ್ಟಿದೆ. ಅದನ್ನು ಖರ್ಚು ಮಾಡುತ್ತಿರುವ ಜಾಗ ತಪ್ಪಿದೆ.

ಮೊದಲು ಕಾಲಿನ ಕಥೆ ಮುಗಿಸೋಣ.

"ನೋವು ತಡ್ಕೊಂಡವ್ರೇ ಗೆಲ್ಲೋದು" ಅನ್ನುವ ಮಾತಿನಲ್ಲಿ ಅರ್ಧ ನಿಜ ಇದೆ. ಓಟದಲ್ಲಿ ಎರಡು ಥರದ ನೋವು ಬರುತ್ತದೆ. ಮೂರನೇ ಸುತ್ತಿನಲ್ಲಿ ತೊಡೆ ಭಾರವಾಗುವುದು, ದಮ್ಮು ಹತ್ತುವುದು, ಎದೆ ಉರಿಯುವುದು ದುಡಿಮೆಯ ನೋವು. ಓಟ ಮುಗಿದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅದನ್ನು ತಡೆದುಕೊಳ್ಳುವುದನ್ನು ಕಲಿಯಲೇಬೇಕು. ಎಲುಬಿನ ನೋವು ಹಾಗಲ್ಲ. ಎಲುಬು ಏನೋ ಹೇಳುತ್ತಿದೆ ಅಂತ ಅರ್ಥ. ಅದನ್ನು ತಡೆದುಕೊಂಡರೆ ನೀವು ಗಟ್ಟಿಯಾಗುವುದಿಲ್ಲ, ಎಲುಬು ಬಿರುಕು ಬಿಡುತ್ತದೆ.

ಈಗಲೇ ಹಾಸಿಗೆ ಮೇಲೆ ಕೂತು ಒಂದು ಪರೀಕ್ಷೆ ಮಾಡಿಕೊಳ್ಳಿ. ಎಡಗಾಲು ಚಾಚಿ. ಮೊಣಕಾಲಿನ ಕೆಳಗಿನಿಂದ ಪಾದದ ಗಂಟಿನವರೆಗೆ, ಎಲುಬಿನ ಒಳಅಂಚಿನ ಮೇಲೆ ಹೆಬ್ಬೆರಳಿನಿಂದ ಒತ್ತುತ್ತಾ ಇಳಿಯಿರಿ. ಒಂದು ಗೇಣಿನಷ್ಟು ಉದ್ದಕ್ಕೆ ಅಲ್ಲಲ್ಲಿ ಹಣ್ಣಾದ ಹಾಗೆ ನೋಯುತ್ತಿದ್ದರೆ ಸಾಮಾನ್ಯವಾಗಿ ಅದು ಶಿನ್ ಸ್ಪ್ಲಿಂಟ್ಸ್. ಎಲುಬನ್ನು ಸುತ್ತಿರುವ ಪೊರೆ ಮತ್ತು ಅದರ ಅಂಚು ಕೆರಳಿರುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ "ಅಯ್ಯೋ" ಅನ್ನುವಷ್ಟು ನೋವಿದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಅಲ್ಲೇ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋವು ಇದ್ದರೆ, ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು. ಅಂದರೆ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು. ಅದರಲ್ಲೂ ಎಲುಬಿನ ಮುಂಭಾಗದ ಚೂಪು ಅಂಚಿನ ನಡುವೆ ನೋವಿದ್ದರೆ ಒಂದು ದಿನವೂ ಕಾಯಬೇಡಿ. ಅಲ್ಲಿನ ಬಿರುಕು ಕೂಡುವುದು ನಿಧಾನ, ಪೂರ್ತಿ ಮುರಿಯುವ ಅಪಾಯವೂ ಜಾಸ್ತಿ.

ಡಾಕ್ಟರ ಹತ್ತಿರ ಒಂದು ವಿಷಯ ನೆನಪಿಡಿ. ಶುರುವಿನ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಆಮೇಲೂ ಕೆಲವು ಸಲ ಕಾಣುವುದಿಲ್ಲ. "ಎಕ್ಸ್‌ರೇ ಕ್ಲಿಯರ್ ಇದೆ" ಅಂದ ತಕ್ಷಣ ಬೂಟು ಕಟ್ಟಿಕೊಂಡು ಹೊರಟ ಮಕ್ಕಳನ್ನು ನೋಡಿದ್ದೇನೆ. ತಿಂಗಳಾದ ಮೇಲೆ ಅವರು ಕುಂಟುತ್ತಾ ವಾಪಸ್ ಬಂದಿದ್ದಾರೆ. ಅನುಮಾನ ಉಳಿದರೆ ಎಂಆರ್‌ಐ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ದುಡ್ಡಿನ ತೊಂದರೆ ಇದ್ದರೆ ಅದನ್ನೂ ಹೇಳಿ. ಆಗ ಬಿರುಕು ಇದೆ ಅಂತಲೇ ತಿಳಿದು ವಿಶ್ರಾಂತಿ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಎಕ್ಸ್‌ರೇ ಮಾಡಿ ನೋಡುವ ದಾರಿಯೂ ಇದೆ.

ಎಲುಬು ಕಲ್ಲಿನ ಹಾಗೆ ಸತ್ತ ವಸ್ತು ಅಲ್ಲ. ಓಡಿದಾಗೆಲ್ಲ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಿರುಕು ಬೀಳುತ್ತವೆ. ದೇಹ ಮೊದಲು ಆ ಹಳೇ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ನಿಮ್ಮ ಊರಲ್ಲಿ ಮಣ್ಣಿನ ಮಾಳಿಗೆ ಸೋರಿದಾಗ ಏನು ಮಾಡುತ್ತಾರೆ? ಹಳೇ ಮಣ್ಣು ಕೆದರಿ ತೆಗೆದು ಹೊಸ ಮಣ್ಣು ಹಾಕಿ ಬಡಿಯುತ್ತಾರೆ. ಕೆದರಿ ತೆಗೆದ ದಿನ ಮಾಳಿಗೆ ಮೇಲೆ ಮಕ್ಕಳನ್ನು ಓಡಾಡಲು ಬಿಡುವುದಿಲ್ಲ, ಅಲ್ವಾ? ನೀವು ಭಾನುವಾರವೂ ಬಿಡದೆ ಓಡಿದ್ದೀರಿ. ಹೊಸ ಮಣ್ಣು ಕೂರುವುದಕ್ಕೆ ಒಂದು ದಿನವೂ ಸಿಕ್ಕಿಲ್ಲ.

ಗುಳಿಗೆ ಮಾಡಿದ್ದು ಇಷ್ಟೇ: ಎಲುಬು ಕೂಗಿದ್ದು ನಿಮಗೆ ಕೇಳದ ಹಾಗೆ ಮಾಡಿದೆ. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಬೆವರಿ, ನೀರು ಕಡಿಮೆ ಕುಡಿದು, ಅದರ ಮೇಲೆ ನೋವಿನ ಗುಳಿಗೆ ನುಂಗುತ್ತಾ ಹೋದರೆ ಕಿಡ್ನಿಗೂ ಹೊಟ್ಟೆಗೂ ಪೆಟ್ಟು.

ಈಗ ಮುಟ್ಟಿನ ವಿಷಯ. ಇದನ್ನು ನೀವು ಬರೆದಿದ್ದಕ್ಕೆ ನನಗೆ ತುಂಬಾ ಸಮಾಧಾನವಾಯಿತು. ಎಷ್ಟೋ ಹುಡುಗಿಯರು ಹೇಳುವುದೇ ಇಲ್ಲ. ಕೋಚ್ ಗಂಡಸಾಗಿದ್ದರಂತೂ ಬಾಯೇ ಬಿಡುವುದಿಲ್ಲ. ಮುಟ್ಟು ನಿಲ್ಲುವುದು ಫಿಟ್‌ನೆಸ್ ಅಲ್ಲ. ಖರ್ಚಿಗೆ ತಕ್ಕ ಊಟ ಸಿಗದಿದ್ದಾಗ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಬದುಕಲು ತಕ್ಷಣ ಬೇಕಿಲ್ಲದ ಕೆಲಸಗಳನ್ನು ಒಂದೊಂದಾಗಿ ನಿಲ್ಲಿಸುತ್ತದೆ. ಮುಟ್ಟು ಅದರಲ್ಲೊಂದು. ಅದರ ಜೊತೆ ಈಸ್ಟ್ರೋಜನ್ ಇಳಿಯುತ್ತದೆ. ಎಲುಬನ್ನು ಗಟ್ಟಿಯಾಗಿ ಇಡುವುದೇ ಈಸ್ಟ್ರೋಜನ್. ಹಾಗಾಗಿ ಕಾಲು ನೋವಿನ ಬೇರು ನಿಮ್ಮ ರಾತ್ರಿ ಊಟದ ತಟ್ಟೆಯವರೆಗೂ ಹೋಗಿರಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟು, ಇದು ಗಂಡುಮಕ್ಕಳಿಗೂ ಆಗುತ್ತದೆ ಎಂದು ಎಚ್ಚರಿಸಿತು. ಥೈರಾಯ್ಡ್, ಪಿಸಿಒಡಿ ಅನ್ನುವ ಅಂಡಾಶಯದ ತೊಂದರೆಯಂಥ ಬೇರೆ ಕಾರಣಗಳೂ ಇರುತ್ತವೆ. ಅದಕ್ಕೇ ಡಾಕ್ಟರನ್ನು ಕಾಣಿ ಅಂದದ್ದು. ಮೂರು ತಿಂಗಳು ದಾಟಿದರೆ ಸುಮ್ನೆ ಕೂರಬಾರದು.

ಲೆಕ್ಕ ನೋಡಿ. ಓಡುವಾಗ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರ್‌ಗೆ ಸುಮಾರು 1 ಕ್ಯಾಲೊರಿ ಖರ್ಚು. ನೀವು 46 ಕಿಲೋ ಇದ್ದೀರಿ, 10 ಕಿಲೋಮೀಟರ್ ಓಡುತ್ತೀರಿ. ಅಂದರೆ ಬೆಳಗಿನ ಓಟಕ್ಕೇ 460 ಕ್ಯಾಲೊರಿ ಹತ್ತಿರ. ಓಡದ ಹುಡುಗಿ ತಿನ್ನುವುದಕ್ಕಿಂತ ಅಷ್ಟು ಜಾಸ್ತಿ ತಿನ್ನಬೇಕು. ನೀವು ಅವಳಿಗಿಂತ ಕಡಿಮೆ ತಿನ್ನುತ್ತಿದ್ದೀರಿ. ದುಬಾರಿ ಪೌಡರ್ ಡಬ್ಬಿ ಬೇಕಿಲ್ಲ. ಜೋಳದ ರೊಟ್ಟಿ ಹೊಟ್ಟೆ ತುಂಬ ತಿನ್ನಿ. ಜೊತೆಗೆ ಮಡಕಿ ಕಾಳಿನ ಅಥವಾ ಹೆಸರು ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು, ತಿನ್ನುವವರಾದರೆ ಮೊಟ್ಟೆ. ಓಡಿ ಬಂದ ಅರ್ಧ ಗಂಟೆಯೊಳಗೆ ಏನಾದರೂ ಹೊಟ್ಟೆಗೆ ಬೀಳಲಿ, ಎರಡು ಬಾಳೆಹಣ್ಣು ಒಂದು ಹಿಡಿ ಶೇಂಗಾ ಆದರೂ ಸಾಕು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಮಾಡಿಸಿ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆದರೆ ಹಿಮೋಗ್ಲೋಬಿನ್ ಸರಿ ಇದ್ದು ಒಳಗಿನ ಕಬ್ಬಿಣದ ದಾಸ್ತಾನು ಖಾಲಿ ಆಗಿರುವುದೂ ಉಂಟು. ಫೆರಿಟಿನ್ ಅದನ್ನು ತೋರಿಸುತ್ತದೆ. ಟೈಮಿಂಗ್ ನಿಂತು ಹೋಗಲು ಇದೊಂದೇ ಸಾಕಾದೀತು. ಊಟದ ಜೊತೆಗೇ ಚಹಾ ಕುಡಿಯುವ ಅಭ್ಯಾಸ ಇದ್ದರೆ ಒಂದು ತಾಸು ಆಚೆ ಹಾಕಿ, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ.

ಇನ್ನು ನಿಮ್ಮ 5 ನಿಮಿಷ 8 ಸೆಕೆಂಡು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ ನೀವೇ ಬರೆದ ಈ ಅಂಕಿಗಳಲ್ಲಿದೆ.

74, 84, 90, ಕೊನೆಯ 300ಕ್ಕೆ 60. ಕೂಡಿದರೆ 308 ಸೆಕೆಂಡು. ಇದೇ ದೂರವನ್ನು ಒಂದೇ ಸಮನಾಗಿ ಓಡಿದ್ದರೆ ಸುತ್ತಿಗೆ 82 ಸೆಕೆಂಡು ಸಾಕಿತ್ತು. ನೀವು ಮೊದಲ ಸುತ್ತಿನಲ್ಲಿ 8 ಸೆಕೆಂಡು ಮುಂದೆ ಹೋಗಿ, ಮೂರನೇ ಸುತ್ತಿನಲ್ಲಿ 8 ಸೆಕೆಂಡು ಕಳಕೊಂಡಿದ್ದೀರಿ. ಸುತ್ತು ಸುತ್ತಿಗೂ ಹೀಗೆ ಏರುಪೇರಾಗುವುದಕ್ಕೆ ದೇಹ ತೆರುವ ಬೆಲೆ ಜಾಸ್ತಿ. 1500 ಮೀಟರ್‌ಗೆ ಬೇಕಾದ ಶಕ್ತಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಉಸಿರಿನ ಮೂಲಕ, ಆಮ್ಲಜನಕದಿಂದ ಬರುತ್ತದೆ. ಶುರುವಿಗೇ ಆ ಮಿತಿ ದಾಟಿ ಓಡಿದರೆ ಸಾಲ ಮಾಡಿದ ಹಾಗೆ. ಎರಡನೇ ಸುತ್ತಿನಲ್ಲೇ ವಸೂಲಿ ಶುರುವಾಗುತ್ತದೆ.

ಈಗ ಹೀಗೆ ಯೋಚನೆ ಮಾಡಿ: 80, 81, 81, ಕೊನೆಗೆ 58. ಒಟ್ಟು ಸರಿಯಾಗಿ 5 ನಿಮಿಷ. ಇದರಲ್ಲಿ ಒಂದು ಸುತ್ತೂ ನೀವು ಈಗ ಓಡುತ್ತಿರುವ 74ರಷ್ಟು ಜೋರಿಲ್ಲ. 90ರ ಸುತ್ತಿನಿಂದ ಸುಸ್ತಾದ ಮೇಲೂ 300 ಮೀಟರ್ 60ರಲ್ಲಿ ಮುಗಿಸುವ ಹುಡುಗಿಗೆ 58 ದೂರವಿಲ್ಲ.

ಹಾಗಾದರೆ ಇಷ್ಟು ದಿನ ಯಾಕೆ ಆಗಲಿಲ್ಲ? ಮೊದಲ ಸುತ್ತಿನಲ್ಲಿ 80ಕ್ಕೆ ನಿಲ್ಲುವುದು ಕಷ್ಟ. ಗನ್ ಹೊಡೆದ ತಕ್ಷಣ ನಾಲ್ಕೈದು ಹುಡುಗಿಯರು ಮುಂದೆ ನುಗ್ಗುತ್ತಾರೆ. ಮೈಯಲ್ಲಿ ಕಸುವು ತುಂಬಿರುತ್ತದೆ. ಸ್ಟ್ಯಾಂಡಿನಿಂದ "ಹೋಗವ್ವ, ಹೋಗು" ಅಂತ ಕೂಗು ಬರುತ್ತದೆ. ಆ ಹೊತ್ತಿಗೆ ಆರನೆಯವಳಾಗಿ, ನನ್ನ ಓಟ ಇದು ಅಂತ ಸುಮ್ಮನೆ ಬರುವುದಕ್ಕೆ ಮೂರನೇ ಸುತ್ತಿನ ಉರಿಯನ್ನು ತಡೆಯುವುದಕ್ಕಿಂತ ಹೆಚ್ಚು ಗಟ್ಟಿ ಮನಸ್ಸು ಬೇಕು. ಉರಿ ಬಂದಾಗ ಎಲ್ಲರೂ ಹಲ್ಲು ಕಚ್ಚುತ್ತಾರೆ, ಬೇರೆ ದಾರಿ ಇರುವುದಿಲ್ಲ. ಇನ್ನೂ ಓಡಬಲ್ಲೆ ಅನ್ನಿಸುವಾಗ ತಡೆದು ಓಡುವವರು ಕಡಿಮೆ. ನೀವು ಕೇಳಿದ ತಾಳಿಕೆಯನ್ನು ನಾನು ಇಲ್ಲಿ ನೋಡುತ್ತೇನೆ.

ದಿನದ ಅಭ್ಯಾಸವೂ ಇದೇ ಥರ. ದೂರದ ಓಟದ ದೊಡ್ಡ ಓಟಗಾರರ ತರಬೇತಿ ಲೆಕ್ಕ ನೋಡಿದವರು ಕಂಡುಕೊಂಡದ್ದು, ಅವರ ಓಟದಲ್ಲಿ ಹೆಚ್ಚುಕಡಿಮೆ 80 ಭಾಗ ಹಗುರವಾದದ್ದು, 20 ಭಾಗ ಮಾತ್ರ ಬಿರುಸಿನದು. ಹಗುರ ಅಂದರೆ ಎಷ್ಟು? ಪಕ್ಕದವಳ ಜೊತೆ ಪೂರ್ತಿ ವಾಕ್ಯ ಮಾತಾಡಬಹುದಾದಷ್ಟು. ನೀವು ದಿನಾ ಜೋರಾಗಿ ಓಡುತ್ತೀರಿ. ಅದು ಹಗುರವೂ ಅಲ್ಲ, ಸ್ಪರ್ಧೆಯ ವೇಗವೂ ಅಲ್ಲ. ಸುಸ್ತು ಮಾತ್ರ ಗಿಟ್ಟುತ್ತದೆ. ದಿನಾ ಒಂದೇ ವೇಗ ಆದರೆ ಟೈಮಿಂಗೂ ಒಂದೇ ಕಡೆ ನಿಲ್ಲುತ್ತದೆ.

ನನ್ನ ಹತ್ತಿರ ಒಬ್ಬ ಹುಡುಗಿ ಇದ್ದಳು. ಹಗುರ ಓಟದ ದಿನ ಪಕ್ಕದಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ದಾಟಿ ಹೋದರೆ ಅವಳ ಮುಖ ಕೆಂಪಾಗುತ್ತಿತ್ತು. ಎರಡು ಹೆಜ್ಜೆ ಜೋರು ಹಾಕಿ ಅವರ ಹಿಂದೆ ಬೀಳುತ್ತಿದ್ದಳು. ಒಂದು ದಿನ ಅವಳಿಗೆ ಬಾಯಲ್ಲಿ ನೀರು ತುಂಬಿಕೊಂಡು ಮೂಗಿನಲ್ಲೇ ಉಸಿರಾಡುತ್ತಾ ಎರಡು ಸುತ್ತು ಓಡು ಅಂದೆ. ನೀರು ಉಗುಳದೆ ಮುಗಿಸಬೇಕು. ಹುಡುಗರು ದಾಟಿದರು, ಅವಳು ಕಣ್ಣು ನೆಲಕ್ಕೆ ಹಾಕಿಕೊಂಡು ತನ್ನ ಪಾಡಿಗೆ ತಾನು ಬಂದಳು. ಮುಗಿಸಿ ನೀರು ಉಗುಳಿ, "ಮೇಡಂ, ಇದು ಜೋರ್ ಓಡೋದಕ್ಕಿಂತ ತ್ರಾಸ್ ಐತ್ರಿ" ಅಂದಳು. ಅವತ್ತಿನಿಂದ ಅವಳ ತರಬೇತಿ ದಾರಿಗೆ ಬಂತು.

ಬದುಕಿನ ಬಗ್ಗೆ ಕೇಳಿದಿರಿ. ಪರೀಕ್ಷೆಗೆ ಓದುವ ಮಕ್ಕಳನ್ನು ನೋಡಿ. ಒಂದು ವಾರ ದಿನಕ್ಕೆ ಹನ್ನೆರಡು ತಾಸು ಕೂತು, ಎರಡನೇ ವಾರ ಜ್ವರ ಬಂದು ಮಲಗುವವರು ಇದ್ದಾರೆ. ದಿನಾ ನಾಲ್ಕು ತಾಸು ಓದಿ, ಇನ್ನೂ ಓದುವ ಹುರುಪು ಇರುವಾಗಲೇ ಪುಸ್ತಕ ಮುಚ್ಚಿ ಮಲಗುವವರೂ ಇದ್ದಾರೆ. ವರ್ಷದ ಕೊನೆಗೆ ಯಾರು ಇನ್ನೂ ಓದುತ್ತಿರುತ್ತಾರೆ ಅಂತ ನಿಮಗೇ ಗೊತ್ತು. ಓಟ ಬಿಟ್ಟು ಕೆಲಸಕ್ಕೆ ಸೇರಿದ ನಮ್ಮ ಮಕ್ಕಳಲ್ಲಿ ಚೆನ್ನಾಗಿ ನೆಲೆ ನಿಂತವರು ಬಹಳಷ್ಟು ಮಂದಿ ಈ ಎರಡನೇ ಗುಂಪಿನವರು. ಪದಕ ಎಷ್ಟಿತ್ತು ಅನ್ನುವುದಕ್ಕೂ ಇದಕ್ಕೂ ಸಂಬಂಧ ಕಾಣಲಿಲ್ಲ.

ದೊಡ್ಡ ಓಟಗಾರರ ಕಥೆಗಳ ಬಗ್ಗೆಯೂ ಒಂದು ಮಾತು. ಬಿದ್ದು ಎದ್ದು ಗೆದ್ದವರ ಕಥೆ ನಮಗೆ ತಲುಪುತ್ತದೆ. ಬಿರುಕು ಬಿಟ್ಟ ಕಾಲಲ್ಲಿ ಓಡಿ ಮನೆಗೆ ಹೋದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಅದಕ್ಕೇ "ಬಿಡಬೇಡ" ಅನ್ನುವ ಪಾಠ ಮಾತ್ರ ಕಿವಿಗೆ ಬೀಳುತ್ತದೆ.

ಕೀನ್ಯಾದ ಎಲಿಯುಡ್ ಕಿಪ್‌ಚೋಗೆ ಹೆಸರು ಕೇಳಿರುತ್ತೀರಿ. 2003ರಲ್ಲಿ, ಇನ್ನೂ 18ರ ಹುಡುಗ, 5000 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2004ರ ಒಲಿಂಪಿಕ್ಸ್‌ನಲ್ಲಿ ಕಂಚು, 2008ರಲ್ಲಿ ಬೆಳ್ಳಿ. 2012ರಲ್ಲಿ ತಮ್ಮ ದೇಶದ ತಂಡದಲ್ಲೇ ಜಾಗ ಸಿಗಲಿಲ್ಲ. ಆಗ ಅವರು ಟ್ರ್ಯಾಕ್ ಬಿಟ್ಟು ರಸ್ತೆಗೆ ಬಂದರು. 2013ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊದಲ ಮ್ಯಾರಥಾನ್ ಓಡಿ ಗೆದ್ದರು. ರಿಯೊ, ಟೋಕಿಯೊ ಎರಡೂ ಒಲಿಂಪಿಕ್ಸ್‌ಗಳ ಮ್ಯಾರಥಾನ್ ಚಿನ್ನ ಅವರದೇ. ಬಿಡದೆ ಹಿಡಿದವರ ಉದಾಹರಣೆಗೆ ಎಲ್ಲರೂ ಅವರ ಹೆಸರು ಹೇಳುತ್ತಾರೆ. ತಾನು ವಿಶ್ವ ಚಾಂಪಿಯನ್ ಆಗಿದ್ದ ಓಟವನ್ನೇ ಬಿಟ್ಟವರು ಅವರು ಅನ್ನುವುದನ್ನು ಮರೆಯುತ್ತಾರೆ.

ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಅವಿನಾಶ್ ಸಾಬ್ಳೆ ಕೂಡ ಹಾಗೆಯೇ. ರೈತರ ಮನೆಯ ಹುಡುಗ, ಸೈನ್ಯಕ್ಕೆ ಸೇರಿದ ಮೇಲೆ ಓಟಕ್ಕೆ ಬಂದವರು. ಕ್ರಾಸ್ ಕಂಟ್ರಿ ಓಡುತ್ತಿದ್ದವರನ್ನು ಕೋಚ್ ಒಬ್ಬರು ನೋಡಿ 3000 ಮೀಟರ್ ಸ್ಟೀಪಲ್‌ಚೇಸ್‌ಗೆ, ಅಂದರೆ ಅಡ್ಡತಡೆ ಮತ್ತು ನೀರಿನ ಗುಂಡಿ ದಾಟುತ್ತಾ ಓಡುವ ಓಟಕ್ಕೆ, ತಿರುಗಿಸಿದರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 8 ನಿಮಿಷ 11.20 ಸೆಕೆಂಡಿನ ಬೆಳ್ಳಿ. ಚಿನ್ನ ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಐದು ಭಾಗಕ್ಕೆ. ಮರುವರ್ಷ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ. ರಾಷ್ಟ್ರೀಯ ದಾಖಲೆಯನ್ನು ಅವರು ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೆಳಗಿಳಿಸುತ್ತಾ ಬಂದರು.

ಈಗ ನಿಮ್ಮ ಮುಂದಿರುವ ದಾರಿಗಳು.

ಗುಳಿಗೆ ನುಂಗಿ ಎರಡು ತಿಂಗಳು ತಳ್ಳಿ, ಅಂತರ ಕಾಲೇಜು ಕೂಟ ಓಡಿ, ಆಮೇಲೆ ವಿಶ್ರಾಂತಿ ತಗೊಳ್ಳುವುದು ಒಂದು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಗೆದ್ದರೆ ಒಂದು ಪದಕ. ಎಲುಬು ಮುರಿದರೆ ಪ್ಲಾಸ್ಟರೋ ಆಪರೇಷನ್ನೋ ಆಗಿ ತಿಂಗಳುಗಟ್ಟಲೆ ಕೂರಬೇಕು. ಪೊಲೀಸ್ ದೈಹಿಕ ಪರೀಕ್ಷೆಯಲ್ಲಿ ಓಟದ ಜೊತೆ ಜಿಗಿತವೂ ಇರುತ್ತದೆ. ಅಪ್ಪನ ಆಸೆಯೂ ನಿಮ್ಮ ಆಸೆಯೂ ಒಂದೇ ಹೆಜ್ಜೆಯಲ್ಲಿ ಕೈತಪ್ಪಿ ಹೋಗುತ್ತವೆ.

ನಾನು ಹೇಳುವ ದಾರಿ, ಈ ಕೂಟವನ್ನು ಬಿಡುವುದು. ಬಿರುಕು ಇದ್ದರೆ ಡಾಕ್ಟರ್ ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟ ನಿಲ್ಲಿಸಲು ಹೇಳುತ್ತಾರೆ, ಕೆಲವರಿಗೆ ಇನ್ನೂ ಜಾಸ್ತಿ. ಬರೀ ಶಿನ್ ಸ್ಪ್ಲಿಂಟ್ಸ್ ಆದರೆ ಬೇಗ ಶುರು ಮಾಡಬಹುದು. ಆ ದಿನಗಳಲ್ಲಿ ದಮ್ಮು ಉಳಿಸಿಕೊಳ್ಳಲು ಸೈಕಲ್ ಇದೆ. ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆ ನಮ್ಮದು, ಸೈಕಲ್ಲೂ ಸಿಗುತ್ತದೆ, ಹೇಳಿಕೊಡುವವರೂ ಸಿಗುತ್ತಾರೆ. ಡಾಕ್ಟರ್ ಒಪ್ಪಿದರೆ, ತುಳಿಯುವಾಗ ನೋವಿಲ್ಲದಿದ್ದರೆ, ವಾರಕ್ಕೆ ನಾಲ್ಕು ದಿನ ತುಳಿಯಿರಿ. ಆದರೆ ಊಟ ಸರಿಯಾಗದೆ ಸೈಕಲ್ ಸೇರಿಸಿದರೆ ಮೂಲ ತೊಂದರೆ ಹಾಗೇ ಉಳಿಯುತ್ತದೆ.

ವಾಪಸ್ ಬರುವಾಗ ಅವಸರ ಬೇಡ. ಅರ್ಧ ತಾಸು ಬಿರುಸಾಗಿ ನಡೆದರೂ ನೋವಿಲ್ಲ, ಒಂಟಿಕಾಲಲ್ಲಿ ಹತ್ತು ಸಲ ಕುಪ್ಪಳಿಸಿದರೂ ನೋವಿಲ್ಲ ಅಂದ ಮೇಲೆ ಶುರು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸಲ. ದಿನ ಬಿಟ್ಟು ದಿನ. ಮರುದಿನ ಬೆಳಿಗ್ಗೆ ಹಾಸಿಗೆಯಿಂದ ಕಾಲಿಟ್ಟಾಗ ಎಲುಬು ಸುಮ್ಮನಿದ್ದರೆ ಮುಂದಿನ ಸಲ ಒಂಚೂರು ಹೆಚ್ಚಿಸಿ. ನೋವು ಕಂಡರೆ ಹಿಂದಿನ ಹಂತಕ್ಕೆ ಹೋಗಿ. ಈ ದಾರಿಯ ದೊಡ್ಡ ಅಪಾಯ ಮೂರನೇ ನಾಲ್ಕನೇ ವಾರದಲ್ಲಿ ಬರುತ್ತದೆ. ದಮ್ಮು ಬೇಗ ವಾಪಸ್ ಬಂದಿರುತ್ತದೆ, ಎಲುಬು ಇನ್ನೂ ಬಂದಿರುವುದಿಲ್ಲ. ಮೈ "ಓಡು" ಅನ್ನುತ್ತದೆ. ಎರಡನೇ ಸಲ ಪೆಟ್ಟಾಗುವುದು ಹೆಚ್ಚಾಗಿ ಆಗಲೇ.

ಟಾರ್ ರಸ್ತೆ, ಸಿಮೆಂಟ್ ರಸ್ತೆ ಎರಡನ್ನೂ ಕಡಿಮೆ ಮಾಡಿ. ಸ್ಟೇಡಿಯಂ ಮೈದಾನ ಇದೆ, ಊರಾಚೆ ಮಣ್ಣಿನ ದಾರಿಗಳಿವೆ. ಭೂತನಾಳ ಕೆರೆ ಕಡೆ ಹೋಗುವುದಾದರೆ ಗೆಳತಿಯ ಜೊತೆ ಹೋಗಿ. ಮಳೆ ಬಿದ್ದ ಮರುದಿನ ಎರೆ ಮಣ್ಣಿನ ಕಡೆ ಹೋಗಲೇಬೇಡಿ, ಬೂಟಿಗೆ ಕಿಲೋಗಟ್ಟಲೆ ಮೆತ್ತಿಕೊಂಡು ಕಾಲಿನ ಮೇಲೆ ಇನ್ನೂ ಭಾರ. ಬೂಟನ್ನು ತಿರುಗಿಸಿ ಹಿಮ್ಮಡಿ ನೋಡಿ. ಒಂದು ಕಡೆ ವಾರೆಯಾಗಿ ಸವೆದಿದ್ದರೆ ಅದರ ಆಯಸ್ಸು ಮುಗಿದಿದೆ. ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತವೆ. ನಿಮ್ಮ ಲೆಕ್ಕದಲ್ಲಿ ಅದು ಎರಡು ಮೂರು ತಿಂಗಳು.

ಮೂರನೆಯದು, ಓಟ ಬದಲಿಸುವುದು. ಎಲುಬು ಸರಿಯಾಗಿ, ಮೊದಲ ಸುತ್ತನ್ನು 80ಕ್ಕೆ ಹಿಡಿಯುವುದು ಕಲಿತು, ಆರು ತಿಂಗಳು ಓಡಿ ನೋಡಿದ ಮೇಲೆ 5000 ಮೀಟರ್ ಪ್ರಯತ್ನಿಸಬಹುದು. ಈಗಲೇ ಬೇಡ. ಸೋತ ಬೇಸರಕ್ಕೆ ಬದಲಿಸಿದ ಓಟದಲ್ಲಿ ಹಳೇ ತಪ್ಪುಗಳೇ ಬರುತ್ತವೆ. ಇನ್ನೊಂದನ್ನೂ ಮುಚ್ಚಿಡದೆ ಹೇಳುತ್ತೇನೆ. 1500 ಮೀಟರ್‌ನಲ್ಲಿ ಭಾರತದ ಮಹಿಳೆಯರ ದಾಖಲೆಯನ್ನು 2021ರಲ್ಲಿ ಹರ್ಮಿಲನ್ ಬೈನ್ಸ್ 4 ನಿಮಿಷ 5.39 ಸೆಕೆಂಡಿಗೆ ತಂದರು. ನೀವು 5 ನಿಮಿಷದೊಳಗೆ ಬರುವುದನ್ನು ನಾನು ನಂಬುತ್ತೇನೆ. ಅಲ್ಲಿಂದ ಎಷ್ಟು ಕೆಳಗೆ ಇಳಿಯುತ್ತೀರಿ ಅಂತ ಯಾರೂ ಮಾತು ಕೊಡಲಾರರು. ಓಟವೊಂದರ ಮೇಲೇ ಬದುಕು ಕಟ್ಟುತ್ತೇನೆ ಅಂದರೆ ನಾನು ಬೇಡ ಅನ್ನುತ್ತೇನೆ. ಓಟದ ಜೊತೆಗೇ ಬದುಕು ಕಟ್ಟಲು ದಾರಿಗಳಿವೆ. ದೈಹಿಕ ಶಿಕ್ಷಣದ ಬಿ.ಪಿ.ಎಡ್. ಮಾಡಬಹುದು. ನಮ್ಮೂರಿನ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೇ ದೈಹಿಕ ಶಿಕ್ಷಣ ವಿಭಾಗ ಇದೆ.

ಕೊನೆಯದು, ಸ್ಪರ್ಧೆ ಬಿಡುವುದು. ಇದು ತಪ್ಪಲ್ಲ, ಸೋಲೂ ಅಲ್ಲ. ಆದರೆ ಕಾಲು ನೋಯುತ್ತಿರುವಾಗ, ಅಥವಾ ಸೋತು ಬಂದ ಸಂಜೆ ಈ ನಿರ್ಧಾರ ಬೇಡ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ 400 ಮೀಟರ್ ಹರ್ಡಲ್ಸ್ ಅನ್ನು 55.42 ಸೆಕೆಂಡಿನಲ್ಲಿ ಮುಗಿಸಿ, ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಂಚು ಕಳಕೊಂಡರು. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಐದು ಚಿನ್ನ ತಂದರು. ಸೋತ ದಿನದ ಲೆಕ್ಕದಲ್ಲಿ ಮುಂದಿನ ವರ್ಷ ಇರುವುದಿಲ್ಲ. ನೀವು ಒಂದು ತಾರೀಖು ಇಟ್ಟುಕೊಳ್ಳಿ. ಎಲುಬು ಸರಿಯಾಗಿ, ಮುಟ್ಟು ವಾಪಸ್ ಬಂದು, ಸರಿಯಾದ ತರಬೇತಿ ಒಂದು ಸೀಸನ್ ನಡೆದ ಮೇಲಿನ ತಾರೀಖು. ಅವತ್ತು ಎರಡನ್ನೇ ಕೇಳಿಕೊಳ್ಳಿ: ಟೈಮಿಂಗ್ ಇಳಿಯಿತಾ? ಬೆಳಿಗ್ಗೆ ಮೈದಾನಕ್ಕೆ ಹೋಗುವ ಮನಸ್ಸು ಇದೆಯಾ? ಎರಡಕ್ಕೂ ಇಲ್ಲ ಅಂದರೆ ನಿಶ್ಚಿಂತೆಯಿಂದ ಬಿಡಿ. ಊರ ಓಟಗಳಲ್ಲಿ, ವಿಜಯಪುರದ ನಮ್ಮ ವೃಕ್ಷಥಾನ್ ಓಟದಲ್ಲಿ ಖುಷಿಗೆ ಓಡಿ.

ಅಪ್ಪನ ಮಾತಿಗೆ ಬರುತ್ತೇನೆ. ಅವರು ನಿಮ್ಮ ವೈರಿ ಅಲ್ಲ. ಮಗಳು ಕುಂಟುವುದನ್ನು ನೋಡಿ ಹೇಳುತ್ತಿದ್ದಾರೆ. ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳು 400 ಮೀಟರ್ ಅನ್ನು 2 ನಿಮಿಷದೊಳಗೆ ಓಡಬೇಕು. ನಿಮ್ಮ ಕೆಟ್ಟ ಸುತ್ತೇ 90 ಸೆಕೆಂಡು. ಅಲ್ಲಿ ನಿಮಗೆ ಕಷ್ಟ ಬರುವುದು ಲಿಖಿತ ಪರೀಕ್ಷೆಯಲ್ಲಿ. ಆದ್ದರಿಂದ ಕಾಲು ಮಾಗುವ ಈ ಎಂಟು ವಾರದ ಬೆಳಗಿನ ಹೊತ್ತನ್ನು ಓದಿಗೆ ಕೊಡಿ. ಏಳುವ ಹೊತ್ತು ಅದೇ ಇರಲಿ. ಊರಿಗೆ ಹೋದಾಗ ಅಪ್ಪನ ಹತ್ತಿರ ಕೂತು, ಡಾಕ್ಟರ್ ಹೇಳಿದ್ದನ್ನು ಹೇಳಿ. "ಎರಡು ತಿಂಗಳು ಓಡೋದಿಲ್ಲಪ್ಪ, ಓದ್ತೀನಿ. ಆಮೇಲೆ ಒಂದು ವರ್ಷ ಓಡಾಕ ಬಿಡು" ಅಂತ ಕೇಳಿ ನೋಡಿ. ಕೋಪದಲ್ಲಿ ಮಾಡಿದ ವಾದಕ್ಕಿಂತ ತಾರೀಖು ಹಾಕಿ ಕೇಳಿದ ಮಾತಿಗೆ ನಮ್ಮ ಕಡೆಯ ಅಪ್ಪಂದಿರು ಬೇಗ ಒಪ್ಪುತ್ತಾರೆ. ಅವ್ವನಿಗೆ ಮುಟ್ಟಿನ ವಿಷಯ ಹೇಳಿಬಿಡಿ, ಆಸ್ಪತ್ರೆಗೆ ಅವರನ್ನೇ ಕರೆದುಕೊಂಡು ಹೋಗಿ.

ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಕೊನೆಯ ಸಲ ಮುಟ್ಟಾದ ತಾರೀಖು, ಗುಳಿಗೆಯ ಹೆಸರು ಮತ್ತು ಎಷ್ಟು ದಿನದಿಂದ ತಗೊಂಡಿರಿ ಅನ್ನುವುದು, ಹೆಬ್ಬೆರಳಿಗೆ ನೋವು ಸಿಕ್ಕ ಜಾಗ, ರಾತ್ರಿ ನೋವು ಇದೆಯೋ ಇಲ್ಲವೋ. ರಕ್ತ ಪರೀಕ್ಷೆಗೆ ಫೆರಿಟಿನ್ ಸೇರಿಸಲು ಮರೆಯಬೇಡಿ. ರಿಪೋರ್ಟ್ ಬಂದ ಮೇಲೆ ಮತ್ತೆ ಬರೆಯಿರಿ. ವಾಪಸ್ ಓಡುವ ವಾರಗಳ ಪಟ್ಟಿಯನ್ನು ನಿಮ್ಮ ಪರೀಕ್ಷೆಯ ತಾರೀಖು ನೋಡಿಕೊಂಡು ಹಾಕಿ ಕೊಡುತ್ತೇನೆ.